ಅಂಬಾಸಿಡರ್ ಮಾರ್ಕ್ ಟೂ: ಹಳೇ ಲುಕಾಸ್ ಸೆಲ್ಫ್ ತೆಗೆದು ಗೇರ್ ರಿಡಕ್ಷನ್ ಸೆಲ್ಫ್ ಹಾಕೋದು ಸರಿಯಾ?

ಪೊಲ್ಲಿಬೆಟ್ಟ_ಮಾರ್ಕ್‌ಟೂ:

ಎಲ್ಲರಿಗೂ ನಮಸ್ಕಾರ. ಗಾಡಿ 1972ರ ಅಂಬಾಸಿಡರ್ ಮಾರ್ಕ್ ಟೂ, 1489 ಸಿಸಿ ಪೆಟ್ರೋಲ್ ಎಂಜಿನ್, ಬದಲಾಯಿಸಿಲ್ಲ. 12 ವೋಲ್ಟ್, ಡೈನಮೊ, ಬ್ಯಾಟರಿಯ ನೆಗೆಟಿವ್ ಬಾಡಿಗೆ ಹೋಗಿದೆ. ಸೆಲ್ಫ್ ಮೋಟರ್ ಹಳೇ ಲುಕಾಸ್ ಎಂ 35 ಜಿ, ಬೆಂಡಿಕ್ಸ್ (ಮೋಟರನ್ನು ಎಂಜಿನ್ನಿಗೆ ಕಚ್ಚಿಸೋ ಭಾಗ) ಇರೋದು. ಸೊಲೆನಾಯ್ಡ್ (ಸೆಲ್ಫಿಗೆ ಕರೆಂಟ್ ಬಿಡೋ ದಪ್ಪ ಸ್ವಿಚ್) ಬೇರೆಯಾಗಿ ಬಾಡಿ ಮೇಲಿದೆ.

ತೊಂದರೆ ಎರಡು ಥರ. ಬೆಳಿಗ್ಗೆ ಸೆಲ್ಫ್ ಹೊಡೆದರೆ ಎಂಜಿನ್ ತುಂಬಾ ನಿಧಾನ ತಿರುಗುತ್ತೆ, ಎರಡು ಸುತ್ತು ಬಂದು ನಿಲ್ಲುತ್ತೆ. ಮಳೆಗಾಲದಲ್ಲಿ ಶೆಡ್ಡಲ್ಲಿ ಹದಿನೈದು ದಿನ ನಿಂತರಂತೂ ಹ್ಯಾಂಡಲ್ಲೇ ಗತಿ. ಇನ್ನೊಂದು, ಕೆಲವು ಸಲ ಮೋಟರ್ ಮಾತ್ರ ಸುಯ್ಯಂತ ತಿರುಗುತ್ತೆ, ಎಂಜಿನ್ ಅಲ್ಲಾಡೋದೇ ಇಲ್ಲ. ಬ್ಯಾಟರಿ ಹೊಸದು.

ಮಾರುತಿಯ ಸೆಲ್ಫ್‌ಗೆ ಲೇಥಿನಲ್ಲಿ ಪ್ಲೇಟ್ ಮಾಡಿಸಿ ಕೂರಿಸಬಹುದು ಅಂತ ಒಂದು ಗ್ಯಾರೇಜಲ್ಲಿ ಹೇಳಿದ್ದಾರೆ. ಎಂಜಿಬಿ ಅನ್ನೋ ಬ್ರಿಟಿಷ್ ಕಾರಿಗೆ ಅಂತ ಹೊರದೇಶದಿಂದ ಬರೋ ಗೇರ್ ರಿಡಕ್ಷನ್ ಸೆಲ್ಫ್ ಕೂಡ ನೋಡಿದೆ. ಯಾವುದು ಒಳ್ಳೇದು? ಬದಲಾಯಿಸೋ ಮುಂಚೆ ಏನೇನು ನೋಡಬೇಕು?

---

ಸುಂಟಿಕೊಪ್ಪ_ವೈರಿಂಗ್:

ಸರ್, ಮೋಟರ್‌ಗೆ ಕೈ ಹಾಕೋ ಮುಂಚೆ ಮಲ್ಟಿಮೀಟರ್ ಹಿಡೀರಿ. ನಿಧಾನ ತಿರುಗೋ ಹಳೇ ಗಾಡಿಗಳಲ್ಲಿ ಮೋಟರ್‌ಗಿಂತ ಕೇಬಲ್ಲು, ಅರ್ತು ಕೆಟ್ಟಿರೋದೇ ಜಾಸ್ತಿ. ಆ ತಪ್ಪು ಹಾಗೇ ಇಟ್ಕೊಂಡು ಹೊಸ ಸೆಲ್ಫ್ ಹಾಕಿದರೆ ಅದೂ ಹಾಗೇ ತಿರುಗುತ್ತೆ.

ಮೊದಲು ಇಗ್ನಿಷನ್ ಸ್ವಿಚ್‌ನಿಂದ ಕಾಯಿಲ್‌ಗೆ ಬರೋ ಸಣ್ಣ ವೈರ್ ಕಳಚಿ, ಎಂಜಿನ್ ಸ್ಟಾರ್ಟ್ ಆಗಬಾರದು. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ನಮ್ಮ ಕಡೆ ಸಮತಟ್ಟಾದ ಅಂಗಳ ಸಿಗೋದೇ ಕಷ್ಟ, ಕಲ್ಲು ಮರೀಬೇಡಿ. ಒಬ್ಬರು ಸೆಲ್ಫ್ ಹೊಡೀಲಿ, ಒಬ್ಬರು ಮೀಟರ್ ನೋಡಲಿ. ಒಂದು ಸಲಕ್ಕೆ 10 ಸೆಕೆಂಡಿಗಿಂತ ಜಾಸ್ತಿ ಬೇಡ, ಮಧ್ಯೆ ಒಂದು ನಿಮಿಷ ಬಿಡಿ.

ಅಳೆಯಬೇಕಾದ್ದು ಇಷ್ಟು. ಬ್ಯಾಟರಿ ಸುಮ್ಮನಿರುವಾಗ 12.6 ವೋಲ್ಟಿನ ಹತ್ತಿರ ಇರಬೇಕು. ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ಎರಡು ಪೋಸ್ಟ್ ಮಧ್ಯೆ 9.6ಕ್ಕಿಂತ ಕೆಳಗೆ ಹೋಗಬಾರದು. ಆಮೇಲೆ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪ್ಲಸ್ ಪೋಸ್ಟ್ ಮೇಲೆ, ಇನ್ನೊಂದು ಸೆಲ್ಫ್ ಮೋಟರಿನ ದಪ್ಪ ಸ್ಟಡ್ ಮೇಲೆ ಇಟ್ಟು ಹೊಡೀರಿ. ಅಲ್ಲಿ ಕಾಣೋದು ದಾರಿಯಲ್ಲಿ ಕಳೆದುಹೋಗೋ ವೋಲ್ಟೇಜು, 0.5 ಒಳಗಿರಬೇಕು. ಹಾಗೇ ಬ್ಯಾಟರಿಯ ಮೈನಸ್ ಪೋಸ್ಟ್‌ನಿಂದ ಮೋಟರಿನ ಮೈಗೆ, ಅದು 0.3 ಒಳಗೆ. ಕಡ್ಡಿ ಕ್ಲಾಂಪ್ ಮೇಲಿಡಬೇಡಿ, ಸೀಸದ ಪೋಸ್ಟ್ ಮೇಲೇ ಒತ್ತಿ ಹಿಡೀರಿ, ಇಲ್ಲದಿದ್ದರೆ ಕ್ಲಾಂಪಿನ ತಪ್ಪು ಸಿಗೋದಿಲ್ಲ. ಸೊಲೆನಾಯ್ಡಿನ ಎರಡು ದಪ್ಪ ಸ್ಟಡ್ ಮಧ್ಯೆಯೂ ಒಂದು ಸಲ ನೋಡಿ, 0.2 ದಾಟಿದರೆ ಒಳಗಿನ ಕಾಂಟ್ಯಾಕ್ಟ್ ಸುಟ್ಟಿದೆ.

ನಂಬರ್ ಹಾಕಿ, ಮುಂದೆ ಮಾತಾಡೋಣ.

---

ಹಳೇಲುಕಾಸ್_ವಿರಾಜಪೇಟೆ:

ವೈರಿಂಗ್ ಅಣ್ಣ ಹೇಳಿದ್ದು ಮೊದಲು ಮಾಡಿ. ಅದು ಸರಿ ಇದ್ದರೂ ನಿಧಾನ ಅಂದರೆ ಲುಕಾಸ್ ಮೋಟರನ್ನು ಬಿಚ್ಚಿ ಸರಿಯಾಗಿ ಓವರ್‌ಹಾಲ್ ಮಾಡಿಸಿ. ಈ ಎಂಜಿನ್ ಒಳ್ಳೇ ಕಂಡಿಷನ್ನಲ್ಲಿ ಇದ್ದರೆ ಎಂ 35 ಜಿ ಧಾರಾಳ ಸಾಕು. ಕಾರ್ಖಾನೆಯಿಂದ ಬಂದ ಮೋಟರನ್ನೇ ಉಳಿಸಿಕೊಳ್ಳೋದು ನನಗೆ ಇಷ್ಟ, ಅದಕ್ಕೆ ತಾಂತ್ರಿಕ ಕಾರಣವೂ ಇದೆ: ಫ್ಲೈವೀಲ್ ಸುತ್ತ ಇರೋ ಹಲ್ಲಿನ ಬಳೆ, ಅಂದರೆ ರಿಂಗ್ ಗೇರ್, ಇದಕ್ಕೇ ಹೊಂದಿಸಿ ಮಾಡಿದ್ದು.

ಬಿಚ್ಚೋ ಮುಂಚೆ ಬ್ಯಾಟರಿಯ ಅರ್ತ್ ಕ್ಲಾಂಪ್ ತೆಗೀರಿ. ಡಿಸ್ಟ್ರಿಬ್ಯೂಟರ್ ಇರೋ ಬದಿಯಲ್ಲೇ ಕೆಳಗೆ ಮೋಟರ್, ಎರಡು ಬೋಲ್ಟಲ್ಲಿ ನಿಂತಿದೆ. ಮೇಲಿನ ಬೋಲ್ಟಿಗೆ ಉದ್ದ ಎಕ್ಸ್‌ಟೆನ್ಷನ್ ಬೇಕಾಗುತ್ತೆ. ಎಲ್ಲಾ ಇಂಚಿನ ಲೆಕ್ಕದ ಯುಎನ್‌ಎಫ್ ಥ್ರೆಡ್, ಮಿಲಿಮೀಟರ್ ಸ್ಪ್ಯಾನರ್ ಹಾಕಿ ತಲೆ ಸವೆಸಬೇಡಿ.

ಕಾರ್ಬನ್ ಬ್ರಷ್ 8 ಮಿ.ಮೀ.ಗಿಂತ ಗಿಡ್ಡ ಆಗಿದ್ದರೆ ನಾಲ್ಕನ್ನೂ ಬದಲಾಯಿಸಿ. ಎರಡು ಕಾರ್ಬನ್ ಫೀಲ್ಡ್ ಕಾಯಿಲ್‌ಗೆ ಬೆಸುಗೆ ಆಗಿರುತ್ತವೆ. ಬೆಸುಗೆ ಹಾಕುವಾಗ ಸೀಸ ಹೆಣೆದ ವೈರಿನೊಳಗೆ ಮೇಲಕ್ಕೆ ಹರಿಯೋಕೆ ಬಿಡಬಾರದು. ಹರಿದರೆ ವೈರ್ ಕಡ್ಡಿಯಂತೆ ಗಟ್ಟಿಯಾಗಿ, ಕಾರ್ಬನ್ ಹೋಲ್ಡರಲ್ಲಿ ಜಾರೋದೇ ಇಲ್ಲ. ಕಮ್ಯುಟೇಟರನ್ನು (ಕಾರ್ಬನ್ ಉಜ್ಜೋ ತಾಮ್ರದ ತುಂಡುಗಳ, ಅಂದರೆ ಸೆಗ್ಮೆಂಟ್‌ಗಳ ಭಾಗ) ಪೆಟ್ರೋಲಲ್ಲಿ ನೆನೆಸಿದ ಬಟ್ಟೆಯಿಂದ ಒರೆಸಿ, ಕಪ್ಪು ಹೋಗದಿದ್ದರೆ ನಯವಾದ ಗ್ಲಾಸ್ ಪೇಪರ್. ಎಮರಿ ಪೇಪರ್ ಬೇಡವೇ ಬೇಡ, ಅದರ ಪುಡಿ ಸೆಗ್ಮೆಂಟ್‌ಗಳ ನಡುವೆ ಕೂತು ಶಾರ್ಟ್ ಮಾಡುತ್ತೆ.

ಇಲ್ಲಿ ಒಂದು ವಿಷಯ ಒತ್ತಿ ಹೇಳ್ತೀನಿ. ವೈಂಡಿಂಗ್ ಅಂಗಡಿಯಲ್ಲಿ ಡೈನಮೊಗೆ ಮಾಡೋ ಹಾಗೆ ಸೆಗ್ಮೆಂಟ್ ನಡುವಿನ ಮೈಕಾವನ್ನು ಗರಗಸದ ಬ್ಲೇಡಲ್ಲಿ ಕೊರೆದು ಕೊಡ್ತಾರೆ. ಡೈನಮೊಗೆ ಅದು ಸರಿ. ಈ ಸೆಲ್ಫ್ ಮೋಟರ್‌ಗೆ ಲುಕಾಸ್ ಅದನ್ನು ಮಾಡಬಾರದು ಅಂತಲೇ ಹೇಳಿದೆ. ಕೊಡುವಾಗಲೇ ಬಾಯಿಬಿಟ್ಟು ಹೇಳಿ.

ಬುಷ್ ಸವೆದರೆ ಆರ್ಮೇಚರ್ (ಒಳಗೆ ತಿರುಗೋ ಭಾಗ) ಓಲಾಡಿ ಸುತ್ತಲಿನ ಪೋಲ್ ಶೂಗೆ ಉಜ್ಜುತ್ತೆ. ಆರ್ಮೇಚರ್ ಮೈ ಮೇಲೆ ಹೊಳೆಯೋ ಗೀರು ಕಂಡರೆ ಅದೇ. ಹೊಸ ಕಂಚಿನ ಬುಷ್ಷನ್ನು ಹಾಕೋ ಮುಂಚೆ ಒಂದು ದಿನ ಪೂರ್ತಿ ಎಂಜಿನ್ ಆಯಿಲಲ್ಲಿ ಮುಳುಗಿಸಿಡಿ. ಅದು ಆಯಿಲ್ ಹೀರೋ ಬುಷ್, ಒಣಗಿದ್ದೇ ತೂರಿಸಿದರೆ ಬೇಗ ತಿಂದುಹೋಗುತ್ತೆ. ಕೊನೆಗೆ ವೈಸಲ್ಲಿ ಕಚ್ಚಿಸಿ 12 ವೋಲ್ಟ್ ಕೊಟ್ಟು ನೋಡಿ: ಲೋಡ್ ಇಲ್ಲದೆ ಸುಮಾರು 45 ಆಂಪ್ ಎಳೀಬೇಕು. ಅದರ ಎರಡರಷ್ಟು ಎಳೆದರೆ ಒಳಗೆ ಉಜ್ಜುತ್ತಿದೆ ಅಥವಾ ಶಾರ್ಟ್ ಇದೆ.

ಸುಯ್ಯಂತ ತಿರುಗಿ ಎಂಜಿನ್ ಹಿಡಿಯದೇ ಇರೋದಕ್ಕೆ ಮೊದಲ ಅನುಮಾನ ಬೆಂಡಿಕ್ಸ್ ಮೇಲೆ. ಅದರ ಪಿನಿಯನ್ (ರಿಂಗ್ ಗೇರಿಗೆ ಕಚ್ಚೋ ಸಣ್ಣ ಹಲ್ಲಿನ ಚಕ್ರ) ಮೋಟರ್ ಜೋರಾಗಿ ತಿರುಗಿದ ಹೊಡೆತಕ್ಕೆ ಶಾಫ್ಟಿನ ಥ್ರೆಡ್ ಮೇಲೆ ಜಾರಿ ಬರಬೇಕು. ಗ್ರೀಸ್ ಹಾಕಿದ್ದರೆ ಕ್ಲಚ್ ಪ್ಲೇಟಿನ ಧೂಳು ಅದಕ್ಕೆ ಮೆತ್ತಿ ಜಾರೋದು ನಿಲ್ಲುತ್ತೆ. ಸೀಮೆಎಣ್ಣೆ ಅಥವಾ ಪೆಟ್ರೋಲಲ್ಲಿ ತೊಳೆದು ಒಣಗಿಸಿ, ಒಣಗಿದ್ದೇ ಬಿಡಿ. ಗ್ರೀಸೂ ಬೇಡ, ಆಯಿಲೂ ಬೇಡ.

---

ಪೊಲ್ಲಿಬೆಟ್ಟ_ಮಾರ್ಕ್‌ಟೂ:

ಅಳೆದೆ. ಸುಮ್ಮನಿದ್ದಾಗ 12.5. ಹೊಡೆಯುವಾಗ ಬ್ಯಾಟರಿ ಪೋಸ್ಟಲ್ಲಿ 10.4. ಪ್ಲಸ್ ದಾರಿಯಲ್ಲಿ 0.9 ಕಳೀತಿದೆ, ಅದರಲ್ಲಿ ಸೊಲೆನಾಯ್ಡ್ ಒಂದರಲ್ಲೇ 0.5. ಅರ್ತ್ ದಾರಿಯಲ್ಲಿ 1.6! ಇನ್ನೊಂದು ವಿಚಿತ್ರ: ಎರಡು ಮೂರು ಸಲ ಹೊಡೆದ ಮೇಲೆ ಚೋಕ್ ಕೇಬಲ್ ಬೆಚ್ಚಗಿತ್ತು.

---

ಸುಂಟಿಕೊಪ್ಪ_ವೈರಿಂಗ್:

ಚೋಕ್ ಕೇಬಲ್ ಬೆಚ್ಚಗಾಗಿದ್ದೇ ಉತ್ತರ ಸರ್. ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿದೆ, ಬಾಡಿಗೂ ಅದಕ್ಕೂ ಕರೆಂಟ್ ದಾರಿ ಅಂದರೆ ಒಂದು ಹೆಣೆದ ತಾಮ್ರದ ಪಟ್ಟಿ ಮಾತ್ರ. ಅದು ತುಂಡಾಗಿದೆ, ಇಲ್ಲ ಯಾರೋ ಗೇರ್‌ಬಾಕ್ಸ್ ಇಳಿಸಿದಾಗ ವಾಪಸ್ ಹಾಕಿಲ್ಲ. ಈಗ ಸೆಲ್ಫ್‌ನ ಕರೆಂಟು ಚೋಕ್ ಕೇಬಲ್, ಸ್ಪೀಡೋಮೀಟರ್ ಕೇಬಲ್ ಹಿಡಿದು ವಾಪಸ್ ಹೋಗ್ತಿದೆ. ಹೀಗೇ ಬಿಟ್ಟರೆ ಚೋಕ್ ಕೇಬಲ್ ಒಳಗೇ ಬೆಸೆದುಕೊಂಡು ಜಾಮ್ ಆಗುತ್ತೆ, ಹೊರಗಿನ ಕೋಟಿಂಗ್ ಕರಗಿ ಹೊಗೆ ಬರೋದೂ ಉಂಟು.

ಲೆಕ್ಕ ನೋಡಿ: ಬ್ಯಾಟರಿಯಲ್ಲಿ 10.4 ಇದೆ, ದಾರಿಯಲ್ಲಿ ಒಟ್ಟು 2.5 ಹೋಗುತ್ತೆ, ಮೋಟರ್‌ಗೆ ಸಿಗೋದು ಬರೀ 7.9. ಯಾವ ಸೆಲ್ಫ್ ಹಾಕಿದರೂ 7.9ಕ್ಕೆ ಏನು ಮಾಡುತ್ತೆ?

ಗೇರ್‌ಬಾಕ್ಸಿನ ಒಂದು ಬೋಲ್ಟ್‌ನಿಂದ ಬಾಡಿಗೆ ಹೊಸ ಪಟ್ಟಿ ಹಾಕಿ. ಎರಡೂ ಕಡೆ ಪೇಂಟ್, ತುಕ್ಕು ಕೆರೆದು ಹೊಳೆಯೋ ಕಬ್ಬಿಣ ಕಾಣಬೇಕು, ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ. ನಮ್ಮ ಕೊಡಗಿನ ಕಕ್ಕಡ ತಿಂಗಳ ಮಳೆಗೆ ಬರೀ ಕಬ್ಬಿಣ ಬಿಟ್ಟರೆ ಒಂದು ಮಳೆಗಾಲ ಬಾಳೋಲ್ಲ.

ಕೇಬಲ್ 35 ಚದರ ಮಿ.ಮೀ. ತಾಮ್ರದ್ದು ಹಾಕಿ, ವೆಲ್ಡಿಂಗ್ ಕೇಬಲ್ ಒಳ್ಳೇದು. ತಾಮ್ರದ ಲೆಕ್ಕದಲ್ಲಿ 35ರ ಕೇಬಲ್ 2 ಮೀಟರ್‌ಗೆ 200 ಆಂಪ್ ಹರಿದರೆ ಸುಮಾರು 0.2 ವೋಲ್ಟ್ ಕಳೆಯುತ್ತೆ, 16ರದ್ದಾದರೆ 0.4 ದಾಟುತ್ತೆ. ಕೊಳ್ಳುವಾಗ ತುದಿ ಚಾಕುವಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅಲ್ಯೂಮಿನಿಯಂ ಮೇಲೆ ತಾಮ್ರ ಬಳಿದದ್ದು ಇರಬಹುದು. ತವರ ಬಳಿದ ತಾಮ್ರವೂ ಹೊರಗೆ ಬೆಳ್ಳಗೇ ಇರುತ್ತೆ, ಆದರೆ ಕೆರೆದರೆ ಕೆಂಪು ಬರುತ್ತೆ. ಕೇಬಲ್ ತುದಿಯ ಲಗ್ಗನ್ನು ಸುತ್ತಿಗೆಯಲ್ಲಿ ಜಜ್ಜಬೇಡಿ, ಹೈಡ್ರಾಲಿಕ್ ಕ್ರಿಂಪರ್ ಇರೋ ಕಡೆ ಒತ್ತಿಸಿ, ಒಳಗೆ ಅಂಟು ಇರೋ ಹೀಟ್ ಶ್ರಿಂಕ್ ಸ್ಲೀವ್ ಹಾಕಿ. ಸೊಲೆನಾಯ್ಡ್ ಬದಲಾಯಿಸಿ.

---

ಪೊಲ್ಲಿಬೆಟ್ಟ_ಮಾರ್ಕ್‌ಟೂ:

ಅರ್ತ್ ಪಟ್ಟಿ ಒಂದು ಕಡೆ ಹೆಣಿಗೆ ಪುಡಿಯಾಗಿ ನೇತಾಡ್ತಿತ್ತು. ಪಟ್ಟಿ, ಕೇಬಲ್, ಸೊಲೆನಾಯ್ಡ್ ಎಲ್ಲಾ ಹೊಸದಾಯ್ತು. ಈಗ ಹೊಡೆಯುವಾಗ ಬ್ಯಾಟರಿಯಲ್ಲಿ 10.1, ಮೋಟರಲ್ಲಿ 9.5. ಎಂಜಿನ್ ಚುರುಕಾಗಿ ತಿರುಗುತ್ತೆ. ಬ್ಯಾಟರಿ ವೋಲ್ಟೇಜ್ ಮೊದಲಿಗಿಂತ ಕಡಿಮೆ ಯಾಕಾಯ್ತು?

ಬೆಂಡಿಕ್ಸ್ ತೊಳೆದ ಮೇಲೂ ಸುಯ್ಯನ್ನೋದು ಪೂರ್ತಿ ಹೋಗಿಲ್ಲ, ಒಂದೊಂದು ಸಲ ಕರಕರ ಸದ್ದೂ ಬರುತ್ತೆ.

---

ಸುಂಟಿಕೊಪ್ಪ_ವೈರಿಂಗ್:

ದಾರಿ ತೆರವಾಯ್ತು, ಮೋಟರ್ ಈಗ ಜಾಸ್ತಿ ಕರೆಂಟ್ ಎಳೀತಿದೆ, ಬ್ಯಾಟರಿ ಅಷ್ಟು ಇಳಿಯೋದು ಸಹಜ. ದಾರಿಯಲ್ಲಿ ಹೋಗೋದು 0.6ಕ್ಕೆ ಬಂದಿದೆ, ಅದು ಚೆನ್ನಾಗಿದೆ. ಕರಕರ ಸದ್ದಿಗೆ ಲೇಥಿನವರು ಹೇಳಲಿ.

---

ಲೇಥ್_ಕುಶಾಲನಗರ:

ಕರಕರ ಅಂದರೆ ರಿಂಗ್ ಗೇರ್ ನೋಡಲೇಬೇಕು. ಸೆಲ್ಫ್ ಇಳಿಸಿ, ಆ ತೂತಿನಿಂದ ಟಾರ್ಚ್ ಬಿಡಿ. ನಾಲ್ಕೂ ಪ್ಲಗ್ ತೆಗೆದು ಹ್ಯಾಂಡಲಲ್ಲಿ ನಿಧಾನ ತಿರುಗಿಸ್ತಾ ಒಂದು ಪೂರ್ತಿ ಸುತ್ತು ಹಲ್ಲುಗಳನ್ನು ನೋಡಿ. ನಾಲ್ಕು ಸಿಲಿಂಡರ್ ಎಂಜಿನ್ ಆಫ್ ಮಾಡಿದಾಗ ಕಂಪ್ರೆಷನ್ ತಡೆಯೋ ಜಾಗದಲ್ಲೇ ನಿಲ್ಲುತ್ತೆ, ಅಂದರೆ ಫ್ಲೈವೀಲಿನ ಎದುರುಬದುರು ಎರಡು ಜಾಗ. ಪಿನಿಯನ್ ಪ್ರತಿ ಸಲ ಅಲ್ಲೇ ಬಡಿಯೋದರಿಂದ ಸವೆತವೂ ಆ ಎರಡು ಕಡೆಯೇ. ಎಂಜಿನ್ ಆ ಜಾಗದಲ್ಲಿ ನಿಂತಾಗ ಸುಯ್ಯನ್ನುತ್ತೆ, ಬೇರೆ ಕಡೆ ನಿಂತರೆ ಹಿಡಿಯುತ್ತೆ. ಅದಕ್ಕೇ ಒಂದೊಂದು ಸಲ ಮಾತ್ರ.

ಈಗ ನಿಮ್ಮ ಮೂಲ ಪ್ರಶ್ನೆ. ಗೇರ್ ರಿಡಕ್ಷನ್ ಸೆಲ್ಫ್ ಒಳ್ಳೇ ವಸ್ತು, ನಾನು ಅದರ ಪರ. ಸಣ್ಣ ಮೋಟರ್ ಜೋರಾಗಿ ತಿರುಗಿ, ಒಳಗಿನ ಗೇರ್ ಅದನ್ನು ನಿಧಾನ ಮಾಡಿ ಬಲ ಹೆಚ್ಚಿಸುತ್ತೆ. ಅಷ್ಟೇ ಕೆಲಸಕ್ಕೆ ಕರೆಂಟ್ ಕಡಿಮೆ, ಬ್ಯಾಟರಿ ವೋಲ್ಟೇಜ್ ಕುಸಿಯೋದೂ ಕಡಿಮೆ, ಹಾಗಾಗಿ ಕಾಯಿಲ್‌ಗೆ ವೋಲ್ಟೇಜ್ ಉಳಿದು ಕಿಡಿ ಚೆನ್ನಾಗಿ ಬರುತ್ತೆ. ಆದರೆ ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಅದರಲ್ಲಿ ಪಿನಿಯನ್ ಮೊದಲು ಹಲ್ಲಿಗೆ ಕೂತು, ಆಮೇಲೆ ಮೋಟರ್ ಪೂರ್ತಿ ಬಲದಲ್ಲಿ ತಿರುಗುತ್ತೆ. ಕೀ ಬಿಡೋವರೆಗೆ ಅದು ಹೊರಗೆ ಬರಲ್ಲ. ಬೆಂಡಿಕ್ಸ್ ಹಾಗಲ್ಲ, ಚಳಿಗೆ ಒಂದು ಸಿಲಿಂಡರ್ ಉರಿದ ಕೂಡಲೇ ಪಿನಿಯನ್ ಆಚೆ ಎಸೆಯುತ್ತೆ, ಎಂಜಿನ್ ಹಿಡಿಯದೆ ನಿಂತುಹೋಗುತ್ತೆ. ಆಗ ಎಂಜಿನ್ ಪೂರ್ತಿ ನಿಲ್ಲೋ ಮುಂಚೆ ಮತ್ತೆ ಹೊಡೆದರೆ ಹಲ್ಲು ಮುರಿಯೋದು.

ಕೂರಿಸೋದಕ್ಕೆ ನಾಲ್ಕು ವಿಷಯ ಹೊಂದಬೇಕು, ಒಂದು ತಪ್ಪಿದರೂ ಬೇಡ.

ಹಲ್ಲಿನ ಅಳತೆ: ಬ್ರಿಟಿಷ್ ಗೇರ್ ಡಿಪಿ ಲೆಕ್ಕ (ವ್ಯಾಸದ ಒಂದು ಇಂಚಿಗೆ ಎಷ್ಟು ಹಲ್ಲು), ಜಪಾನಿ ಗೇರ್ ಮಾಡ್ಯೂಲ್ ಲೆಕ್ಕ (ಒಂದು ಹಲ್ಲಿಗೆ ಎಷ್ಟು ಮಿ.ಮೀ. ವ್ಯಾಸ). 10 ಡಿಪಿ ಅಂದರೆ 2.54 ಮಾಡ್ಯೂಲ್. ಅದಕ್ಕೆ 2.5ರ ಪಿನಿಯನ್ ಕೂತಂತೆ ಕಾಣುತ್ತೆ, ಆದರೆ ಸದ್ದು ಮಾಡ್ತಾ ತಿನ್ನುತ್ತೆ. 2.25ರದ್ದು, 2.1ರದ್ದು ಆದರೆ ಕೂರೋದೇ ಇಲ್ಲ. ಪ್ಲೇಟ್ ಮಾಡೋದು ಸುಲಭ, ಹಲ್ಲು ಹೊಂದಿಸೋದೇ ಕೆಲಸ. ಗ್ಯಾರೇಜಿನವರು ಇದನ್ನು ಅಳೆದಿದ್ದಾರಾ ಅಂತ ಕೇಳಿ. ಮಾರುತಿ 800ರ ಸೆಲ್ಫ್ ಅಂತೂ ಬೇಡ, ಅದು 796 ಸಿಸಿ ಎಂಜಿನ್ನಿಗೆ ಮಾಡಿದ್ದು. 1489ಕ್ಕೆ 1 ಕಿಲೋವ್ಯಾಟ್ ಅಥವಾ ಮೇಲಿನದ್ದು ನೋಡಿ.

ಹಲ್ಲಿನ ಅಂಚು: ಪಿನಿಯನ್ ಒಳಬರೋ ಬದಿಗೆ ರಿಂಗ್ ಹಲ್ಲಿನ ಅಂಚು ಇಳಿಜಾರಾಗಿ ಕೆತ್ತಿರಬೇಕು. ಬೆಂಡಿಕ್ಸ್ ಪಿನಿಯನ್ ಬರೋ ದಿಕ್ಕೂ ಹೊಸ ಸೆಲ್ಫಿನ ಪಿನಿಯನ್ ಬರೋ ದಿಕ್ಕೂ ಬೇರೆ ಇದ್ದರೆ, ಅದು ಚಪ್ಪಟೆ ಅಂಚಿಗೆ ಬಡಿದು ತಿಂಗಳುಗಳಲ್ಲೇ ಹಲ್ಲು ಹಾಳು. ಎಂಜಿಬಿಗೆ ಅಂತ ಬರೋದರಲ್ಲೂ ಬೆಂಡಿಕ್ಸ್ ಕಾಲದ ಎಂಜಿನ್ನಿಗೆ ಬೇರೆ, ಆಮೇಲಿನದಕ್ಕೆ ಬೇರೆ. ಹೆಸರು ನೋಡಿ ತರಿಸಬೇಡಿ, ನಿಮ್ಮ ಹಳೇ ಮೋಟರಿನ ಮೂತಿಯ ವ್ಯಾಸ, ಬೋಲ್ಟ್ ತೂತುಗಳ ಅಂತರ, ಪಿನಿಯನ್ ಹಲ್ಲಿನ ಎಣಿಕೆ, ಫ್ಲಾಂಜಿನಿಂದ ರಿಂಗ್ ಗೇರಿನ ಮುಖಕ್ಕೆ ಇರೋ ದೂರ ವರ್ನಿಯರಲ್ಲಿ ಅಳೆದು ಕಳಿಸಿ, ಉತ್ತರ ಬಂದ ಮೇಲೆ ದುಡ್ಡು ಕೊಡಿ.

ತಿರುಗೋ ದಿಕ್ಕು: ಪಿನಿಯನ್ ಕಡೆಯಿಂದ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಬೇಕು.

ಅಂತರ: ಸುಮ್ಮನಿರುವಾಗ ಪಿನಿಯನ್ ತುದಿಗೂ ರಿಂಗಿಗೂ 2ರಿಂದ 3 ಮಿ.ಮೀ. ಹಲ್ಲು ಕೂತಾಗ ಒಂದರ ಹಲ್ಲಿನ ಬುಡಕ್ಕೂ ಇನ್ನೊಂದರ ಹಲ್ಲಿನ ತುದಿಗೂ ಮಧ್ಯೆ ಅರ್ಧದಿಂದ ಮುಕ್ಕಾಲು ಮಿ.ಮೀ. ಸಡಿಲ. ತೀರಾ ಬಿಗಿಯಾದರೆ ಎಂಜಿನ್ ಸ್ಟಾರ್ಟ್ ಆದ ಮೇಲೂ ಕೊರೆಯೋ ಸದ್ದು ಬರುತ್ತೆ, ಸಡಿಲವಾದರೆ ಹಲ್ಲಿನ ತುದಿಯಷ್ಟೇ ಕಚ್ಚಿ ಮುರಿಯುತ್ತೆ.

---

ಪೊಲ್ಲಿಬೆಟ್ಟ_ಮಾರ್ಕ್‌ಟೂ:

ನೋಡಿದೆ. ಎದುರುಬದುರು ಎರಡು ಕಡೆ ಹಲ್ಲು ಮೊಂಡಾಗಿವೆ, ಉಳಿದವು ಚೆನ್ನಾಗಿವೆ. ಹೇಗೂ ರಿಂಗ್ ಗೇರ್ ಕೆಲಸ ಇದೆ ಅಂದ ಮೇಲೆ ಗೇರ್ ರಿಡಕ್ಷನ್ನೂ ಹಾಕೋಣ ಅಂತ. ವೈರಿಂಗ್ ಹೇಗೆ ಬದಲಾಗುತ್ತೆ? ಡೈನಮೊ ಇದ್ದರೆ ತೊಂದರೆ ಇದೆಯಾ?

---

ಸುಂಟಿಕೊಪ್ಪ_ವೈರಿಂಗ್:

ಡೈನಮೊಗೂ ಇದಕ್ಕೂ ಸಂಬಂಧ ಇಲ್ಲ, ಅರ್ತ್ ಯಾವ ಕಡೆ ಅನ್ನೋದು ಮುಖ್ಯ. ಹಳೇ ಲುಕಾಸಿನಲ್ಲಿ ಫೀಲ್ಡ್ ಕಾಯಿಲ್ ಇದೆ, ಪ್ಲಸ್ ಮೈನಸ್ ಅದಲು ಬದಲಾದರೂ ಒಂದೇ ದಿಕ್ಕಿಗೆ ತಿರುಗುತ್ತೆ. ಗೇರ್ ರಿಡಕ್ಷನ್ ಮೋಟರುಗಳಲ್ಲಿ ಹೆಚ್ಚಿನವು ಮ್ಯಾಗ್ನೆಟ್‌ನವು. ಪಾಸಿಟಿವ್ ಅರ್ತ್ ಇರೋ ಗಾಡಿಗೆ ಹಾಕಿದರೆ ಹಿಂದಕ್ಕೆ ತಿರುಗುತ್ತವೆ, ಒಳಗಿನ ಒನ್ ವೇ ಕ್ಲಚ್ ಜಾರಿ ಎಂಜಿನ್ ಅಲ್ಲಾಡಲ್ಲ. ನಿಮ್ಮದು ನೆಗೆಟಿವ್ ಅರ್ತ್, ಪರವಾಗಿಲ್ಲ. ಇದನ್ನು ಓದೋ ಬೇರೆಯವರು ನೋಡಿಕೊಳ್ಳಿ.

ಹೊಸ ಸೆಲ್ಫಿನ ಮೇಲೇ ಸೊಲೆನಾಯ್ಡ್ ಇರುತ್ತೆ. ಬ್ಯಾಟರಿಯಿಂದ ದಪ್ಪ ಕೇಬಲ್ ನೇರ ಅದರ ದೊಡ್ಡ ಸ್ಟಡ್ಡಿಗೆ. ಸಣ್ಣ ಟರ್ಮಿನಲ್ಲಿಗೆ ಸ್ಟಾರ್ಟ್ ಸಿಗ್ನಲ್. ಅದನ್ನು ಕೀ ಸ್ವಿಚ್ಚಿಂದ ನೇರ ಕೊಡಬೇಡಿ, ಈ ಸೊಲೆನಾಯ್ಡ್ ಎಳೆಯೋ ಕ್ಷಣದಲ್ಲಿ 30, 40 ಆಂಪ್ ಬೇಡುತ್ತೆ, ಹಳೇ ಸ್ವಿಚ್ ಸುಡುತ್ತೆ. ಮಧ್ಯೆ 40 ಆಂಪಿನ ರಿಲೇ ಹಾಕಿ, ಅದರ ಪಿನ್ ನಂಬರ್ ಪ್ರಕಾರ: 30ಕ್ಕೆ ಬ್ಯಾಟರಿಯಿಂದ ಫ್ಯೂಸ್ ಹಾಕಿದ 4 ಚದರ ಮಿ.ಮೀ. ವೈರ್, 87ರಿಂದ ಸೆಲ್ಫಿನ ಸಣ್ಣ ಟರ್ಮಿನಲ್, 86ಕ್ಕೆ ಕೀ ಸ್ವಿಚ್ಚಿನ ಸ್ಟಾರ್ಟ್ ವೈರ್, 85 ಅರ್ತ್. ಬಾಡಿ ಮೇಲಿನ ಸೊಲೆನಾಯ್ಡನ್ನೇ ರಿಲೇ ಆಗಿ ಬಳಸಬಹುದು, ಅದರಿಂದ ಹೊರಡೋ ವೈರ್ ಸಣ್ಣ ಟರ್ಮಿನಲ್ಲಿಗೆ ಮಾತ್ರ ಹೋಗಬೇಕು.

ಕೆಲವರು ಹಳೇ ಕೇಬಲನ್ನು ಹಾಗೇ ಬಿಟ್ಟು, ಸೆಲ್ಫಿನ ದೊಡ್ಡ ಸ್ಟಡ್ಡಿಂದ ಸಣ್ಣ ಟರ್ಮಿನಲ್ಲಿಗೆ ಒಂದು ತುಂಡು ವೈರ್ ಕೊಡ್ತಾರೆ. ಬೇಡ. ಕೀ ಬಿಟ್ಟ ಮೇಲೂ ಮ್ಯಾಗ್ನೆಟ್ ಮೋಟರ್ ತಿರುಗ್ತಾ ತಾನೇ ಕರೆಂಟ್ ಹುಟ್ಟಿಸುತ್ತೆ, ಅದೇ ಸೊಲೆನಾಯ್ಡನ್ನು ಹಿಡಿದಿಡುತ್ತೆ, ಪಿನಿಯನ್ ತಡವಾಗಿ ಆಚೆ ಬರುತ್ತೆ.

ಇನ್ನು ಮೇಲೆ ಆ ದಪ್ಪ ಕೇಬಲಲ್ಲಿ ಯಾವಾಗಲೂ ಕರೆಂಟ್ ಇರುತ್ತೆ, ಮೊದಲು ಸೆಲ್ಫ್ ಹೊಡೆದಾಗ ಮಾತ್ರ ಇತ್ತು. ಸ್ಟಡ್ಡಿಗೆ ರಬ್ಬರ್ ಟೋಪಿ, ಬಾಡಿಗೆ ತಗಲೋ ಕಡೆ ಕ್ಲಿಪ್ಪು, ಸ್ಲೀವು ಕಡ್ಡಾಯ. ಸ್ಪ್ಯಾನರ್ ಹಿಡಿಯೋ ಮುಂಚೆ ಅರ್ತ್ ಕ್ಲಾಂಪ್ ತೆಗೀಲೇಬೇಕು. ಇನ್ನೊಂದು, ಸೆಲ್ಫ್ ಕೆಲಸ ಮಾಡದಿದ್ದರೆ ಸ್ಪ್ಯಾನರಲ್ಲಿ ಮೈಮೇಲೆ ಕುಟ್ಟೋ ಹಳೇ ಅಭ್ಯಾಸ ಇದಕ್ಕೆ ನಡೆಯಲ್ಲ, ಒಳಗಿನ ಮ್ಯಾಗ್ನೆಟ್ ಬಿರುಕು ಬಿಡುತ್ತೆ.

---

ಲೇಥ್_ಕುಶಾಲನಗರ:

ರಿಂಗ್ ಗೇರಿಗೆ ಗೇರ್‌ಬಾಕ್ಸ್ ಇಳಿಸಿ ಫ್ಲೈವೀಲ್ ಬಿಚ್ಚಬೇಕು. ಬಿಚ್ಚೋ ಮುಂಚೆ ಫ್ಲೈವೀಲಿಗೂ ಕ್ರ್ಯಾಂಕಿಗೂ ಗುರುತು ಹಾಕಿ. ಹೊಸ ರಿಂಗ್ ಸಿಕ್ಕದಿದ್ದರೆ, ಹಳೇದನ್ನೇ ಬಿಸಿ ಮಾಡಿ ಸುತ್ತಲೂ ಮೆಲ್ಲಗೆ ತಟ್ಟಿ ಇಳಿಸಿ, 90 ಡಿಗ್ರಿ ತಿರುಗಿಸಿ ಕೂರಿಸಬಹುದು. ಆಗ ಎಂಜಿನ್ ನಿಲ್ಲೋ ಜಾಗಕ್ಕೆ ಒಳ್ಳೇ ಹಲ್ಲು ಬರುತ್ತೆ. ಮಗುಚಿ ಹಾಕಬೇಡಿ, ಇಳಿಜಾರು ಅಂಚು ತಪ್ಪು ಬದಿಗೆ ಹೋಗುತ್ತೆ. ಹೊಸದಾದರೆ ಹಳೇದನ್ನು ಎರಡು ಹಲ್ಲಿನ ನಡುವೆ ಉಳಿಯಲ್ಲಿ ಸೀಳಿ ತೆಗೆಯೋದು, ಕಣ್ಣಿಗೆ ಕನ್ನಡಕ ಇರಲಿ.

ಕೂರಿಸೋಕೆ ರಿಂಗನ್ನು ಸಮನಾಗಿ 300ರಿಂದ 400 ಡಿಗ್ರಿಗೆ ಕಾಯಿಸಬೇಕು. ಉಜ್ಜಿ ಹೊಳಪು ಮಾಡಿದ ಜಾಗ ತಿಳಿ ನೀಲಿ ಬಂದರೆ ಸಾಕು. ಕೆಂಪಾಗೋವರೆಗೆ ಗ್ಯಾಸ್ ಬಿಟ್ಟರೆ ಹಲ್ಲಿನ ಗಡಸು ಹೋಗಿ ಮೇಣದಂತೆ ಸವೆಯುತ್ತೆ. ಕೂರಿಸಿದ ಮೇಲೆ ನೀರು ಹಾಕದೆ ತಾನಾಗಿ ಆರಲಿ.

---

ಹಳೇಲುಕಾಸ್_ವಿರಾಜಪೇಟೆ:

ಗೇರ್‌ಬಾಕ್ಸ್ ಇಳಿದಾಗಲೇ ಕ್ಲಚ್ ಪ್ಲೇಟು, ಕಾರ್ಬನ್ ರಿಲೀಸ್ ಬೇರಿಂಗು ನೋಡಿಬಿಡಿ, ಎರಡನೇ ಸಲ ಇಳಿಸೋ ಕೂಲಿ ಉಳಿಯುತ್ತೆ. ಈ ಎಂಜಿನ್ನಿನ ಹಿಂದಿನ ಮೇನ್ ಬೇರಿಂಗಿಗೆ ರಬ್ಬರ್ ಸೀಲ್ ಇಲ್ಲ, ಆಯಿಲನ್ನು ವಾಪಸ್ ಎಂಜಿನ್ ಒಳಗೆ ತಳ್ಳೋ ಸುರುಳಿ ಗೀರು ಮಾತ್ರ ಇರೋದು, ಅದೂ ಎಂಜಿನ್ ತಿರುಗುವಾಗ ಮಾತ್ರ ಕೆಲಸ ಮಾಡುತ್ತೆ. ಗಾಡಿಯ ಮೂತಿ ಮೇಲಾಗಿ ಇಳಿಜಾರಲ್ಲಿ ನಿಲ್ಲಿಸಿದರೆ ಆಯಿಲ್ ಬೆಲ್ ಹೌಸಿಂಗಿಗೆ (ಕ್ಲಚ್ ಮುಚ್ಚಿರೋ ಡಬ್ಬಿಗೆ) ಇಳಿಯುತ್ತೆ, ಕ್ಲಚ್ ಧೂಳಿನ ಜೊತೆ ಸೇರಿ ಪಿನಿಯನ್ನಿಗೂ ಮೆತ್ತುತ್ತೆ. ಬೆಲ್ ಹೌಸಿಂಗಿನ ಕೆಳಗೆ ಒಂದು ತೂತು, ಅದರಲ್ಲಿ ಅಲ್ಲಾಡೋ ಸ್ಪ್ಲಿಟ್ ಪಿನ್ ಇರುತ್ತೆ. ಮಣ್ಣು ಕಟ್ಟಿ ಅಲ್ಲಾಡದೇ ಇದ್ದರೆ ಬಿಡಿಸಿ, ಹೊಸ ಪಿನ್ ಹಾಕಿ. ಶೆಡ್ಡಲ್ಲಿ ನಿಲ್ಲಿಸುವಾಗ ಮೂತಿ ಇಳಿಜಾರಿನ ಕೆಳಗಡೆಗೆ ಇರಲಿ.